ಎದೆಯಲ್ಲಿ ನೀರು ಮತ್ತೆ ಮತ್ತೆ ತುಂಬುತ್ತಿದೆಯಾ? ಮೆಸೋಥೆಲಿಯೋಮಾ ಲಕ್ಷಣಗಳನ್ನು ಗುರುತಿಸುವ ಬಗೆ

"ಅಪ್ಪಗ ಎದಿಯಾಗ ನೀರು ತುಂಬ್ಯಾವ ಅಂತಾರ್ರೀ. ಎರಡು ಸಲ ತೆಗಿಸೀವಿ, ಮತ್ತ ತುಂಬ್ಯಾವ. ಟಿಬಿ ಗುಳಿಗಿ ನಡದಾವ, ಏನೂ ಫರಕ್ ಇಲ್ಲ." ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಓದುಗರು ಈ ಮಾತನ್ನು ಒಂದಲ್ಲ ಒಂದು ರೀತಿಯಲ್ಲಿ ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಸಮಾಧಾನದ ಮಾತು. ನಮ್ಮ ಕಡೆ ಎದೆಯ ಒಂದು ಪಕ್ಕದಲ್ಲಿ ನೀರು ತುಂಬಿದರೆ ಹೆಚ್ಚಿನ ಸಲ ಅದು ಟಿಬಿಯೇ ಆಗಿರುತ್ತದೆ. ಟಿಬಿ ವಾಸಿಯಾಗುವ ಕಾಯಿಲೆ. ಕೆಲವರಿಗೆ ಹೃದಯ, ಕಿಡ್ನಿ ಅಥವಾ ಲಿವರ್ ತೊಂದರೆಯಿಂದಲೂ ನೀರು ತುಂಬುತ್ತದೆ. ಪುಪ್ಪುಸದ ಪೊರೆಯ ಕ್ಯಾನ್ಸರ್ ಆದ ಮೆಸೋಥೆಲಿಯೋಮಾ ಬಹಳ ಅಪರೂಪದ್ದು. ಆದರೆ ಅಪರೂಪ ಅನ್ನುವ ಕಾರಣಕ್ಕೇ ಅದರ ನೆನಪು ಯಾರಿಗೂ ಬರುವುದಿಲ್ಲ. ತಿಂಗಳುಗಟ್ಟಲೆ ಅದು ಬೇರೆ ರೋಗದ ಹೆಸರಿನಲ್ಲೇ ಉಳಿದುಬಿಡುತ್ತದೆ. ನಮ್ಮ ಸಂಬಂಧಿಕರೊಬ್ಬರಿಗೆ ಹೀಗೇ ಐದು ತಿಂಗಳು ಹೋಯಿತು. ನಾನು ಡಾಕ್ಟರ್ ಅಲ್ಲ. ಡಾಕ್ಟರ ಮುಂದೆ ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಅನ್ನುವುದಷ್ಟೇ ಇಲ್ಲಿದೆ.

ಇದು ಯಾವ ರೋಗ?

ಪುಪ್ಪುಸದ ಸುತ್ತ ಎರಡು ಪದರದ ತೆಳು ಪೊರೆ ಇರುತ್ತದೆ. ಡಾಕ್ಟರುಗಳು ಅದಕ್ಕೆ ಪ್ಲೂರಾ ಅನ್ನುತ್ತಾರೆ. ಒಂದು ಪದರ ಪುಪ್ಪುಸಕ್ಕೆ ಅಂಟಿರುತ್ತದೆ, ಇನ್ನೊಂದು ಎದೆಗೂಡಿನ ಒಳಗೋಡೆಗೆ. ಎರಡರ ನಡುವೆ ಒಂದೆರಡು ಚಮಚದಷ್ಟು ತೆಳು ನೀರಿರುತ್ತದೆ. ಬಂಡಿಯ ಅಚ್ಚಿಗೆ ಕೀಲೆಣ್ಣೆ ಇದ್ದ ಹಾಗೆ ಅಂದುಕೊಳ್ಳಿ. ಅದರಿಂದಲೇ ಉಸಿರಾಡುವಾಗ ಪದರಗಳು ನಯವಾಗಿ ಜಾರುತ್ತವೆ. ಈ ಪೊರೆಯಲ್ಲೇ ಹುಟ್ಟುವ ಕ್ಯಾನ್ಸರ್ ಮೆಸೋಥೆಲಿಯೋಮಾ. ಪುಪ್ಪುಸದ ಒಳಗೆ ಹುಟ್ಟುವ ಕ್ಯಾನ್ಸರ್ ಬೇರೆ, ಇದು ಬೇರೆ. ಹೊಟ್ಟೆಯ ಒಳಪೊರೆಯಲ್ಲೂ ಇದು ಬರಬಹುದು, ಆದರೆ ಎದೆಯಲ್ಲಿ ಬರುವುದೇ ಜಾಸ್ತಿ.

ಮುಖ್ಯ ಕಾರಣ ಆಸ್ಬೆಸ್ಟಾಸ್. ಕನ್ನಡದಲ್ಲಿ ಇದಕ್ಕೆ ಕಲ್ನಾರು ಅನ್ನುವ ಹೆಸರಿದೆ. ಹೆಸರೇ ಹೇಳುವಂತೆ ಅದು ಕಲ್ಲಿನ ನಾರು. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಉಸಿರಿನ ಜೊತೆ ಒಳಹೋಗಿ ಪೊರೆಯವರೆಗೂ ತಲುಪುತ್ತವೆ. ದೇಹ ಅವನ್ನು ಕರಗಿಸಲಾರದು. ಧೂಳು ಕುಡಿದ ದಿನದಿಂದ ರೋಗ ಕಾಣಿಸುವವರೆಗೆ 20ರಿಂದ 50 ವರ್ಷ ಹಿಡಿಯಬಹುದು. ಇವತ್ತು 65 ವರ್ಷದವರಿಗೆ ಬಂದ ದಮ್ಮಿನ ಬೇರು ಅವರ 25ನೇ ವಯಸ್ಸಿನ ಕೆಲಸದಲ್ಲಿ ಇರಬಹುದು. ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನೇ ಇಡಿ.

ಇದು ಅಂಟುರೋಗ ಅಲ್ಲ. ಒಂದೇ ತಾಟಿನಲ್ಲಿ ಉಂಡರೂ, ಪಕ್ಕದಲ್ಲೇ ಮಲಗಿದರೂ ಬರುವುದಿಲ್ಲ. ಬೀಡಿ ಸಿಗರೇಟಿನಿಂದಲೂ ಈ ರೋಗ ಬರುವುದಿಲ್ಲ. ಆದರೆ ಕಲ್ನಾರು ಧೂಳು ಕುಡಿದವರು ಬೀಡಿಯನ್ನೂ ಸೇದಿದರೆ ಪುಪ್ಪುಸದ ಕ್ಯಾನ್ಸರಿನ ಅಪಾಯ ಬಹಳ ಹೆಚ್ಚುತ್ತದೆ. ಅದಕ್ಕಾಗಿಯಾದರೂ ಬಿಡಬೇಕು.

ಕೈಯಲ್ಲಿ ಏನೇನು ಇರಬೇಕು?

ಒಂದು ನೂರು ಪುಟದ ನೋಟ್‌ಬುಕ್. ಇದುವರೆಗಿನ ಎಕ್ಸ್‌ರೇ, ಸ್ಕ್ಯಾನ್, ಚೀಟಿಗಳೆಲ್ಲ ಒಂದೇ ಕೈಚೀಲದಲ್ಲಿ. ರೇಷನ್ ಕಾರ್ಡ್, ಆಧಾರ್. ಜೊತೆಗೆ ಹಳೆಯ ಕಾಲದ ನೆನಪಿರುವ ಮನೆಯ ಹಿರಿಯರೊಬ್ಬರು. ಆಕ್ಸಿಜನ್ ನೋಡುವ ಬೆರಳಿನ ಯಂತ್ರ ಕೋವಿಡ್ ಕಾಲದ್ದು ಮನೆಯಲ್ಲಿದ್ದರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಇದಕ್ಕೆಂದೇ ಕೊಳ್ಳಬೇಕಾಗಿಲ್ಲ.

ಹಂತ 1: ಐವತ್ತು ವರ್ಷದ ಕೆಲಸದ ಪಟ್ಟಿ ಬರೆಯಿರಿ

ಲಕ್ಷಣ ಬರೆಯುವ ಮುಂಚೆ ಕೆಲಸ ಬರೆಯಿರಿ. ಇದು ತಲೆಕೆಳಗಾಗಿ ಕಾಣಬಹುದು. ಆದರೆ ಈ ರೋಗದ ಲಕ್ಷಣಗಳಿಗೆ ಅರ್ಥ ಬರುವುದೇ ಕೆಲಸದ ಪಟ್ಟಿಯ ಪಕ್ಕದಲ್ಲಿ ಇಟ್ಟಾಗ.

ಡಾಕ್ಟರು "ಏನು ಕೆಲಸ?" ಅಂತ ಕೇಳುತ್ತಾರೆ. "ಒಕ್ಕಲುತನ" ಅಂತ ಹೇಳಿ ಸುಮ್ಮನಾಗುತ್ತೀರಿ. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಗುಳೆ ಹೋಗದವರು ಇದ್ದಾರೆ ಹೇಳಿ? ಬರ ಬಂದ ವರ್ಷ ಬೆಂಗಳೂರು, ಮುಂಬೈ, ಗೋವಾ ಅಂತ ಹೋಗಿ ಎಂಟು ತಿಂಗಳು ಕಟ್ಟಡ ಕೆಲಸ ಮಾಡಿ ಬಂದದ್ದು ಯಾವ ದಾಖಲೆಯಲ್ಲೂ ಇರುವುದಿಲ್ಲ. ಅದು ಇರುವುದು ನೆನಪಿನಲ್ಲಿ ಮಾತ್ರ.

ಇಸವಿ ನೆನಪಾಗದಿದ್ದರೆ ಘಟನೆ ಹಿಡಿದು ಕೇಳಿ. "ಹಿರೇಮಗಳು ಹುಟ್ಟಿದಾಗ ನೀವು ಎಲ್ಲಿದ್ರಿ?" "ಮದುವೆಗೆ ಮುಂಚೆ ಎಲ್ಲಿ ದುಡೀತಿದ್ರಿ?" ಹೀಗೆ ಕೇಳಿದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಈ ಕೆಲಸಗಳು ಬಂದರೆ ಕೆಳಗೆ ಗೆರೆ ಎಳೆಯಿರಿ: ಸಿಮೆಂಟ್ ಶೀಟ್ ತಯಾರಿಸುವ ಕಾರ್ಖಾನೆ, ಶೀಟ್ ಕೊಯ್ಯುವುದು, ತೂತು ಹಾಕುವುದು, ಹೊದಿಸುವುದು, ಹಳೆ ಕಟ್ಟಡ ಒಡೆಯುವುದು, ಬಾಯ್ಲರ್, ಫರ್ನೇಸ್, ಉಗಿ ಪೈಪುಗಳಿಗೆ ಶಾಖ ತಡೆಯುವ ಹೊದಿಕೆ ಸುತ್ತುವುದು ಅಥವಾ ಹಳೆಯದನ್ನು ಕಿತ್ತು ಹಾಕುವುದು, ಹಳೆ ಥರ್ಮಲ್ ಕೇಂದ್ರಗಳಲ್ಲಿ, ಉಕ್ಕು ಅಥವಾ ಸಕ್ಕರೆ ಕಾರ್ಖಾನೆಗಳಲ್ಲಿ ರಿಪೇರಿ ಕೆಲಸ, ಗ್ಯಾರೇಜಿನಲ್ಲಿ ಬ್ರೇಕ್, ಕ್ಲಚ್ ಉಜ್ಜುವುದು, ಗ್ಯಾಸ್ಕೆಟ್ ಅಥವಾ ಕಲ್ನಾರಿನ ಹಗ್ಗ ಕತ್ತರಿಸುವುದು, ಹಡಗು ಒಡೆಯುವ ಯಾರ್ಡುಗಳು.

ಹೆಣ್ಣುಮಕ್ಕಳ ಪಟ್ಟಿ ಬೇರೆಯಾಗಿಯೇ ಬರೆಯಿರಿ. ಗಂಡನ ಧೂಳು ಮೆತ್ತಿದ ಬಟ್ಟೆ ಕೊಡವಿ ಒಗೆದ ಹೆಂಡತಿಗೂ ಈ ರೋಗ ಬಂದ ಉದಾಹರಣೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. 1960ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಗ್ನರ್ ಮತ್ತು ಜೊತೆಗಾರರು ಕಲ್ನಾರಿಗೂ ಈ ರೋಗಕ್ಕೂ ಇರುವ ನಂಟನ್ನು ತೋರಿಸಿದಾಗ ಅವರ ಮುಂದಿದ್ದದ್ದು 33 ರೋಗಿಗಳು. ಅವರಲ್ಲಿ ಎಷ್ಟೋ ಜನ ಗಣಿಯಲ್ಲಿ ದುಡಿದವರೇ ಅಲ್ಲ. ಚಿಕ್ಕಂದಿನಲ್ಲಿ ಗಣಿಯ ಹತ್ತಿರ ಬೆಳೆದವರು ಅಷ್ಟೇ.

ಇಲ್ಲಿ ಎರಡು ಗೊಂದಲಗಳನ್ನು ಬಿಡಿಸಬೇಕು.

ಒಂದು, ಎಲ್ಲ ಧೂಳೂ ಕಲ್ನಾರಲ್ಲ. ಸಂಡೂರಿನ ಅದಿರಿನ ಕೆಂಧೂಳು, ಹಟ್ಟಿ ಚಿನ್ನದ ಗಣಿಯ ಕಲ್ಲುಧೂಳು, ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿ, ರಾಯಚೂರಿನ ಹತ್ತಿ ಜಿನ್ನಿಂಗ್, ಗಂಗಾವತಿಯ ರೈಸ್ ಮಿಲ್ ಹೊಟ್ಟು. ಇವೆಲ್ಲ ಪುಪ್ಪುಸಕ್ಕೆ ಒಳ್ಳೆಯವಲ್ಲ. ಕಲ್ಲುಧೂಳಿನಿಂದ ಸಿಲಿಕೋಸಿಸ್ ಅನ್ನುವ ಕೆಟ್ಟ ಕಾಯಿಲೆ ಬರುತ್ತದೆ. ಆದರೆ ಅದು ಮೆಸೋಥೆಲಿಯೋಮಾ ಅಲ್ಲ. ಗಣಿಯಲ್ಲಿ ದುಡಿದಿದ್ದೇನೆ ಅಂತ ಸುಮ್ನೆ ಹೆದರಬೇಡಿ. ಹಾಗಂತ ಅದೇ ಗಣಿಯ ವರ್ಕ್‌ಶಾಪಿನಲ್ಲಿ ಬ್ರೇಕ್ ಲೈನಿಂಗ್ ಉಜ್ಜಿದ್ದನ್ನು ಹೇಳದೆ ಬಿಡಲೂಬೇಡಿ.

ಎರಡು, "ನಮ್ದು ಶೀಟ್ ಮನೀರೀ, ನಮಗೂ ಬರ್ತದೇನು?" ಶೀಟ್ ಗಟ್ಟಿಯಾಗಿದ್ದು ಒಡೆಯದೆ ಇದ್ದರೆ ಎಳೆಗಳು ಸಿಮೆಂಟಿನಲ್ಲೇ ಹಿಡಿದಿರುತ್ತವೆ, ಅಪಾಯ ತೀರಾ ಕಡಿಮೆ. ಕೊಯ್ದಾಗ, ತೂತು ಹಾಕಿದಾಗ, ಒಡೆದಾಗ ಏಳುವ ಧೂಳೇ ಕೆಟ್ಟದ್ದು. ಶೀಟ್ ತೆಗೆಸಲೇಬೇಕಾದರೆ ಮೊದಲು ನೀರು ಹೊಡೆದು ತೋಯಿಸಿ, ಒಡೆಯದೆ ಇಡಿಯಾಗಿ ಇಳಿಸಿ. ಒಣ ಧೂಳನ್ನು ಕಸಬರಿಗೆಯಿಂದ ಗುಡಿಸಬೇಡಿ. ಭಾರತದಲ್ಲಿ ಕಲ್ನಾರು ಗಣಿಗೆ ಹೊಸ ಲೀಸ್ ಕೊಡುವುದನ್ನು 1986ರಲ್ಲೇ ನಿಲ್ಲಿಸಿದರೂ, ಬಿಳಿ ಕಲ್ನಾರು ಹೊರದೇಶದಿಂದ ಬಂದು ಶೀಟುಗಳಿಗೆ ಸೇರುತ್ತಲೇ ಇದೆ. ಇದರ ಬಗ್ಗೆ ನನಗೆ ಸಿಟ್ಟಿದೆ. ಅದು ಇನ್ನೊಂದು ಲೇಖನದ ವಿಷಯ.

ಪಟ್ಟಿಯಲ್ಲಿ ಕಲ್ನಾರು ಸಿಗಲೇ ಇಲ್ಲವಾ? ಆಗಲೂ ರೋಗ ಇಲ್ಲವೇ ಇಲ್ಲ ಅನ್ನಲಾಗದು. ಯಾವ ಧೂಳು ಅಂತ ಗೊತ್ತೇ ಇಲ್ಲದೆ ದುಡಿದವರು ಬಹಳ ಜನ.

ಹಂತ 2: ಲಕ್ಷಣಗಳನ್ನು ಒಂದೊಂದಾಗಿ ನೋಡಿ

ಲಕ್ಷಣಗಳೆಲ್ಲ ಒಮ್ಮೆಲೇ ಬರುವುದಿಲ್ಲ. ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ಬರುತ್ತವೆ. ಯಾವುದು ಯಾವಾಗ ಶುರುವಾಯಿತು ಅನ್ನುವುದಕ್ಕೂ ಘಟನೆಯನ್ನೇ ಹಿಡಿಯಿರಿ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋಯಿತಲ್ಲ, ಆಗ ದಮ್ಮು ಇತ್ತಾ? ಹೋದ ಗವಿಮಠದ ಜಾತ್ರೆಗೆ ನಡೆದೇ ಹೋಗಿದ್ರಾ? "ಭಾಳ ದಿವಸ ಆತು" ಅನ್ನುವುದಕ್ಕಿಂತ ಇದು ಡಾಕ್ಟರಿಗೆ ನೂರು ಪಾಲು ಉಪಯೋಗಕ್ಕೆ ಬರುತ್ತದೆ.

ದಮ್ಮು. ಹೆಚ್ಚಿನವರನ್ನು ಆಸ್ಪತ್ರೆಗೆ ಕರೆತರುವುದು ಇದೇ. ಮೊದಲು ಮೆಟ್ಟಿಲು ಹತ್ತುವಾಗ, ಆಮೇಲೆ ಸಮತಟ್ಟು ರಸ್ತೆಯಲ್ಲಿ, ಆಮೇಲೆ ಸ್ನಾನ ಮಾಡುವಾಗ, ಕೊನೆಗೆ ಕೂತಲ್ಲೇ. ಅಂಜನಾದ್ರಿ ಬೆಟ್ಟವನ್ನು ಎರಡು ಕಡೆ ಕೂತು ಹತ್ತುತ್ತಿದ್ದವರು ಈಗ ಮನೆಯ ಮಾಳಿಗೆಗೆ ಹೋಗಲು ಎರಡು ಕಡೆ ಕೂರುತ್ತಾರೆ ಅಂದರೆ ಅದು ವಯಸ್ಸಿನ ಆಟ ಮಾತ್ರ ಅಲ್ಲ. ಹಾಗಂತ ಪರೀಕ್ಷೆ ಮಾಡಲು ಬೆಟ್ಟ ಹತ್ತಬೇಡಿ ಮತ್ತೆ!

ದಮ್ಮಿಗೆ ಇಲ್ಲಿ ಎರಡು ಬೇರೆ ಕಾರಣಗಳಿವೆ. ಮೊದಲನೆಯದು ನೀರು. ಪೊರೆಯ ಪದರಗಳ ನಡುವೆ ಲೀಟರುಗಟ್ಟಲೆ ತುಂಬಿ ಪುಪ್ಪುಸವನ್ನು ಒತ್ತುತ್ತದೆ. ನೀರು ತೆಗೆದ ದಿನ ಉಸಿರು ಹಗುರಾಗುತ್ತದೆ, ಮತ್ತೆ ತುಂಬಿದಾಗ ದಮ್ಮು ವಾಪಸ್. ಎರಡನೆಯದು, ಪೊರೆಯೇ ದಪ್ಪವಾಗಿ ಪುಪ್ಪುಸದ ಸುತ್ತ ಗಟ್ಟಿ ಸಿಪ್ಪೆಯಂತೆ ಬಿಗಿಯುವುದು. ಆಗ ನೀರು ತೆಗೆದರೂ ಪುಪ್ಪುಸ ಹಿಗ್ಗುವುದಿಲ್ಲ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಇದನ್ನು ತಪ್ಪದೆ ಬರೆಯಿರಿ: ಎಷ್ಟು ನೀರು ತೆಗೆದರು, ಯಾವ ತಾರೀಕು, ತೆಗೆದ ಮೇಲೆ ಉಸಿರು ಸುಲಭವಾಯಿತಾ, ಎಷ್ಟು ದಿನಕ್ಕೆ ಮತ್ತೆ ದಮ್ಮು ಬಂತು. ಮುಂದಿನ ಚಿಕಿತ್ಸೆ ಆರಿಸುವಾಗ ಡಾಕ್ಟರಿಗೆ ಈ ನಾಲ್ಕು ಉತ್ತರಗಳು ಬೇಕೇ ಬೇಕು.

ಬೆರಳಿನ ಯಂತ್ರ 96 ತೋರಿಸುತ್ತಿದೆ, ಹಾಗಾದರೆ ದಮ್ಮು ಸುಳ್ಳು ಅಂತ ಮನೆಯವರು ಅನ್ನುವುದುಂಟು. ಹಾಗಲ್ಲ. ಆಕ್ಸಿಜನ್ ಸರಿಯಿದ್ದೂ ಉಸಿರು ಕಟ್ಟಿದ ಹಾಗೆ ಆಗಬಹುದು.

ನೋವು. ಸಾಮಾನ್ಯವಾಗಿ ಒಂದೇ ಪಕ್ಕ. ಟಿಬಿ ನೀರಿನ ಶುರುವಿನಲ್ಲಿ ಉಸಿರು ಎಳೆದಾಗ ಚುಚ್ಚುವ ನೋವು ಬರುತ್ತದೆ, ನೀರು ತುಂಬಿದಂತೆ ಎಷ್ಟೋ ಸಲ ಅದು ಕಡಿಮೆಯಾಗುತ್ತದೆ. ಮೆಸೋಥೆಲಿಯೋಮಾ ನೋವು ಹೆಚ್ಚಾಗಿ ಮಂದವಾಗಿ, ಭಾರವಾಗಿ, ಬಿಡದೆ ಇರುತ್ತದೆ. "ಪಕ್ಕಡಿಗೆ ಕಲ್ಲು ಕಟ್ಟಿದಂಗ ಆಗೇತಿ" ಅನ್ನುತ್ತಾರೆ. ಭುಜಕ್ಕೆ, ಬೆನ್ನಿಗೆ, ಹೊಟ್ಟೆಯ ಮೇಲ್ಭಾಗಕ್ಕೂ ಹರಿಯಬಹುದು. ಪೊರೆಯ ಪಕ್ಕದಲ್ಲೇ ಪಕ್ಕೆಲುಬಿನ ನರಗಳು ಹಾದುಹೋಗುವುದರಿಂದ ಉರಿ, ಜುಮ್ ಅನ್ನುವುದು, ಅಂಗಿ ತಾಗಿದರೂ ಸಹಿಸಲಾಗದಂತಹ ನೋವು ಕೂಡ ಇರುತ್ತದೆ. ದಿನಕ್ಕೆ ಎರಡು ಸಲ, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹಾಕಿ. ರಾತ್ರಿ ನಿದ್ದೆ ಕೆಡಿಸುತ್ತಾ ಅಂತಲೂ ಬರೆಯಿರಿ.

ಇಲ್ಲೊಂದು ಎಚ್ಚರಿಕೆ. ಪಕ್ಕೆ ಹಿಡಿದಿದೆ ಅಂತ ಬರೆ ಹಾಕಿಸುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ. ಬರೆಯಿಂದ ನೀರು ಇಂಗುವುದಿಲ್ಲ. ಸುಟ್ಟ ಗಾಯ ಕೀವು ಹಿಡಿದರೆ ಅದೇ ಜಾಗದಲ್ಲಿ ಸೂಜಿ ಹಾಕಬೇಕಾದ ಡಾಕ್ಟರು ಕಾಯಬೇಕಾಗುತ್ತದೆ. ಊರ ಕ್ಲಿನಿಕ್ಕಿನಲ್ಲಿ ದಿನಾ ನೋವಿನ ಇಂಜೆಕ್ಷನ್ ಮಾಡಿಸಿಕೊಳ್ಳುವುದೂ ಬೇಡ. ಅದು ಕಿಡ್ನಿಗೆ ಪೆಟ್ಟು ಕೊಡಬಹುದು, ಮುಂದೆ ಕೀಮೋ, ಅಂದರೆ ಕ್ಯಾನ್ಸರ್ ಔಷಧ, ಕೊಡಲು ಅದೇ ಕಿಡ್ನಿ ಬೇಕು.

ಕೆಮ್ಮು. ಹೆಚ್ಚಾಗಿ ಒಣ ಕೆಮ್ಮು. ಕಫದಲ್ಲಿ ರಕ್ತ ಬರುವುದು ಈ ರೋಗದಲ್ಲಿ ಕಡಿಮೆ. ಬಂದರೆ ಟಿಬಿ ಅಥವಾ ಪುಪ್ಪುಸದೊಳಗಿನ ಕ್ಯಾನ್ಸರ್ ಕಡೆ ಮೊದಲು ನೋಡಬೇಕಾಗುತ್ತದೆ. ಎರಡು ವಾರ ದಾಟಿದ ಯಾವ ಕೆಮ್ಮಿಗೂ ಸಿರಪ್ ಮೇಲೆ ಸಿರಪ್ ಕುಡಿಯುತ್ತಾ ಕೂರಬೇಡಿ.

ತೂಕ, ಹಸಿವು, ಸುಸ್ತು. ಬೆಳಗ್ಗೆ ಎದ್ದರೆ ಒಗ್ಗರಣಿ-ಮಿರ್ಚಿಗೆ ಓಡುತ್ತಿದ್ದ ಮನುಷ್ಯ ಈಗ ತಟ್ಟೆ ದೂಡುತ್ತಾನೆ ಅಂದರೆ ಅದೂ ಒಂದು ಲಕ್ಷಣ, ಬರೆಯಿರಿ. ತೂಕವನ್ನು ವಾರಕ್ಕೊಮ್ಮೆ ಒಂದೇ ಯಂತ್ರದಲ್ಲಿ ನೋಡಿ. ಯಂತ್ರ ಇಲ್ಲದಿದ್ದರೆ ಬೆಲ್ಟಿನ ತೂತು, ಕೈಬಳೆ, ಉಂಗುರ ಸಡಿಲವಾದದ್ದನ್ನು ಗಮನಿಸಿ. ಸುಸ್ತು ಅಂದರೆ ದುಡಿದು ಬಂದ ಸುಸ್ತಲ್ಲ. ರಾತ್ರಿಯಿಡೀ ಮಲಗಿದರೂ ಹೋಗದ ಸುಸ್ತು.

ಬೆವರು, ಸಣ್ಣ ಜ್ವರ. ರಾಯಚೂರಿನ ಮೇ ತಿಂಗಳಲ್ಲಿ ರಾತ್ರಿ ಬೆವರುವುದು ರೋಗ ಅಲ್ಲ, ಹವಾಮಾನ. ಡಿಸೆಂಬರಿನ ಚಳಿಯಲ್ಲೂ ಅಂಗಿ, ದಿಂಬು ತೋಯ್ದರೆ ಬರೆಯಿರಿ. ಇದು ಟಿಬಿಯಲ್ಲೂ ಇರುವುದರಿಂದ ಇದೊಂದರಿಂದಲೇ ಏನನ್ನೂ ತೀರ್ಮಾನ ಮಾಡಲಾಗದು.

ಇನ್ನು ತಡವಾಗಿ ಕಾಣಿಸುವವು: ದನಿ ಗೊಗ್ಗರಾಗುವುದು, ರೊಟ್ಟಿ ನುಂಗಲು ಕಷ್ಟವಾಗುವುದು, ಮುಖ ಮತ್ತು ಕೈ ಊದುವುದು, ಹಿಂದೆ ಸೂಜಿ ಅಥವಾ ನಳಿಗೆ ಹಾಕಿದ ಜಾಗದಲ್ಲಿ ಗಂಟು ಏಳುವುದು. ಕೊನೆಯದನ್ನು ಗಾಯದ ಗಂಟು ಅಂತ ಬಿಟ್ಟುಬಿಡಬೇಡಿ, ತೋರಿಸಿ. ಅಂಗಿ ತೆಗೆಸಿ, ಆಳವಾಗಿ ಉಸಿರು ಎಳೆಯಲು ಹೇಳಿ ಎದುರು ನಿಂತು ನೋಡಿದರೆ ಒಂದು ಪಕ್ಕ ಕಡಿಮೆ ಏಳುವುದು ಮನೆಯವರಿಗೂ ಕಾಣಿಸುತ್ತದೆ.

ಹೊಟ್ಟೆಯ ಪೊರೆಯಲ್ಲಿ ಬಂದರೆ ಕಥೆಯೇ ಬೇರೆ. ಹೊಟ್ಟೆ ಉಬ್ಬರ, ನೀರು ತುಂಬಿ ಬಿಗಿಯುವುದು, ನೋವು, ಮಲಬದ್ಧತೆ, ಸ್ವಲ್ಪ ತಿಂದರೂ ತುಂಬಿದ ಹಾಗೆ ಆಗುವುದು. ಇದನ್ನು ಜನ ಗ್ಯಾಸ್ ಅನ್ನುತ್ತಾರೆ.

ಹಂತ 3: ಯಾವುದಕ್ಕೆ ಕಾಯಬಾರದು?

ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಷ್ಟು ದಮ್ಮು, ತುಟಿ ನೀಲಿಯಾಗುವುದು, ಕೂತಿದ್ದಾಗಲೇ ಆಕ್ಸಿಜನ್ 92ಕ್ಕಿಂತ ಇಳಿಯುವುದು, ಮಂಪರು ಅಥವಾ ಗೊಂದಲದ ಮಾತು, ಬೆವರಿನ ಜೊತೆ ಎದೆಯ ನಡುವೆ ಹಿಂಡುವ ನೋವು, ನೀರು ತೆಗೆಸಿಕೊಂಡು ಬಂದ ದಿನವೇ ದಮ್ಮು ಹೆಚ್ಚುವುದು, ಕೀಮೋ ನಡೆಯುವಾಗ ಚಳಿಜ್ವರ. ಇವಕ್ಕೆ ಬೆಳಗಾಗುವವರೆಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಬೆರಳಿಗೆ ಮದರಂಗಿ ಅಥವಾ ಉಗುರುಬಣ್ಣ ಇದ್ದರೆ ಯಂತ್ರ ತಪ್ಪು ತೋರಿಸಬಹುದು, ಬೇರೆ ಬೆರಳಿನಲ್ಲಿ ನೋಡಿ.

ಹಂತ 4: ಪರೀಕ್ಷೆಗಳು, ಮತ್ತು ಟಿಬಿ ಅನ್ನುವ ಕವಲುದಾರಿ

ನಮ್ಮ ಕಡೆ ಟಿಬಿ ಅಂದರೆ ತುಂಗಭದ್ರಾ ಡ್ಯಾಮೂ ಹೌದು, ರೋಗವೂ ಹೌದು. ಎರಡರ ನೆರಳೂ ನಮ್ಮ ಮೇಲೆ ದೊಡ್ಡದೇ. ಆದ್ದರಿಂದ ಎದೆಯಲ್ಲಿ ನೀರು ಕಂಡ ಕೂಡಲೇ ಡಾಕ್ಟರು ಟಿಬಿ ಯೋಚಿಸುವುದು ತಪ್ಪಲ್ಲ, ಸರಿಯೇ. ತಪ್ಪಾಗುವುದು ಅದರ ಮುಂದಿನ ತಿರುವಿನಲ್ಲಿ.

ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಎಕ್ಸ್‌ರೇಯಲ್ಲಿ ಒಂದು ಪಕ್ಕ ಬೆಳ್ಳಗೆ ಕಾಣುತ್ತದೆ. ಅಲ್ಟ್ರಾಸೌಂಡ್ ನೋಡಿ ಸೂಜಿಯಿಂದ ನೀರು ತೆಗೆಯುತ್ತಾರೆ. ಆ ನೀರನ್ನು ಎಡಿಎ ಪರೀಕ್ಷೆಗೆ ಕಳಿಸುತ್ತಾರೆ. ಅದು ನೀರಿನಲ್ಲಿರುವ ಒಂದು ಕಿಣ್ವದ ಅಳತೆ, 40ಕ್ಕಿಂತ ಜಾಸ್ತಿ ಬಂದರೆ ಟಿಬಿ ಅನುಮಾನ ಬಲವಾಗುತ್ತದೆ. ಆದರೆ ಅದು ಟಿಬಿಯ ರುಜುವಾತಲ್ಲ. ಬೇರೆ ಕೆಲವು ರೋಗಗಳಲ್ಲೂ, ಒಮ್ಮೊಮ್ಮೆ ಮೆಸೋಥೆಲಿಯೋಮಾದಲ್ಲೂ ಏರಬಹುದು. ನೀರಿನಲ್ಲಿ ಟಿಬಿ ಕ್ರಿಮಿ ನೇರವಾಗಿ ಸಿಗುವುದು ಕಷ್ಟ. ಹಾಗಾಗಿ ಅಂದಾಜಿನ ಮೇಲೆ ಗುಳಿಗೆ ಶುರುವಾಗುತ್ತದೆ.

ಆ ಗುಳಿಗೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಈ ಲೇಖನ ಓದಿ ಟಿಬಿ ಗುಳಿಗೆ ಬಿಟ್ಟೆ ಅಂತ ಯಾರೂ ಹೇಳಬಾರದು. ಮಾಡಬೇಕಾದದ್ದು ಇಷ್ಟೇ: ತಾರೀಕು ಬರೆದಿಟ್ಟು ನೋಡುತ್ತಾ ಹೋಗಿ. ಟಿಬಿ ನೀರಾದರೆ ಕೆಲವು ವಾರಗಳಲ್ಲಿ ಜ್ವರ ಇಳಿಯುತ್ತದೆ, ಹಸಿವು ಬರುತ್ತದೆ, ತೂಕ ಏರತೊಡಗುತ್ತದೆ. ಎರಡು ತಿಂಗಳಾದರೂ ತೂಕ ಇಳಿಯುತ್ತಲೇ ಇದ್ದರೆ, ನೀರು ಮತ್ತೆ ಮತ್ತೆ ತುಂಬಿದರೆ, ನೋವು ಹೆಚ್ಚಾದರೆ ಡಾಕ್ಟರ ಮುಂದೆ ಕೆಲಸದ ಪಟ್ಟಿಯನ್ನೂ ಲಕ್ಷಣದ ಪುಟಗಳನ್ನೂ ಇಟ್ಟು ಒಂದೇ ಪ್ರಶ್ನೆ ಕೇಳಿ: "ಸರ್, ಪೊರೆಯ ಬಯಾಪ್ಸಿ ಮಾಡಿಸಬೇಕಾ?" ಡಾಕ್ಟರಿಗೆ ಬೇಸರ ಆಗುತ್ತದೇನೋ ಅಂತ ಹಿಂಜರಿಯಬೇಡಿ. ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ಕಲ್ನಾರು ಕೆಲಸ ಪಟ್ಟಿಯಲ್ಲಿ ಇದ್ದರಂತೂ ಎರಡು ತಿಂಗಳು ಕಾಯುವುದೂ ಬೇಡ, ಮೊದಲ ಭೇಟಿಯಲ್ಲೇ ಕೇಳಿ.

ಬಯಾಪ್ಸಿ ಅಂದರೆ ಪೊರೆಯ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಸಿಟಿ ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ತೆಗೆಯಬಹುದು. ಅಥವಾ ಪಕ್ಕೆಯಲ್ಲಿ ಚಿಕ್ಕ ತೂತು ಮಾಡಿ, ಕ್ಯಾಮೆರಾ ನಳಿಗೆ ಹಾಕಿ, ಕಣ್ಣಾರೆ ನೋಡಿ ತೆಗೆಯಬಹುದು. ಇದಕ್ಕೆ ಥೊರಾಕೋಸ್ಕೋಪಿ ಅನ್ನುತ್ತಾರೆ. ಈ ರೋಗ ಹಿಡಿಯಲು ಇದು ಬಹಳ ಒಳ್ಳೆಯ ದಾರಿ. ತೆಗೆದ ಚೂರಿಗೆ ಐಎಚ್‌ಸಿ ಅನ್ನುವ ಬಣ್ಣದ ಪರೀಕ್ಷೆ ಆಗಲೇಬೇಕು. ಪುಪ್ಪುಸದ ಕ್ಯಾನ್ಸರ್ ಮತ್ತು ಇದು ಮೇಲ್ನೋಟಕ್ಕೆ ಒಂದೇ ತರಹ ಕಾಣಬಹುದು. ಅವನ್ನು ಬೇರೆ ಮಾಡಿ ತೋರಿಸುವುದು ಆ ಪರೀಕ್ಷೆಯೇ.

ದೊಡ್ಡ ಗುಂಡಿ ಯಾವುದು ಗೊತ್ತಾ? "ನೀರಿನ ರಿಪೋರ್ಟಿನಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂದಿದೆ" ಅಂತ ನೆಮ್ಮದಿಯಾಗಿ ಮನೆಗೆ ಹೋಗುವುದು. ಮೆಸೋಥೆಲಿಯೋಮಾ ಇದ್ದವರ ನೀರಿನಲ್ಲೂ ಬಹಳ ಸಲ ಕ್ಯಾನ್ಸರ್ ಕೋಶ ಸಿಗುವುದಿಲ್ಲ. ನೀರಿನಲ್ಲಿ ಇಲ್ಲ ಅಂದ ಮಾತ್ರಕ್ಕೆ ಪೊರೆಯಲ್ಲೂ ಇಲ್ಲ ಅಂತ ಅರ್ಥವಲ್ಲ. ಮೇಲೆ ಹೇಳಿದ ಸಂಬಂಧಿಕರ ಐದು ತಿಂಗಳು ಹೋದದ್ದು ಇದೇ ಗುಂಡಿಯಲ್ಲಿ.

ಇನ್ನೊಂದು ಮಾತು. ನೀರು ತೆಗೆಯುವಾಗ "ಒಮ್ಮೆಲೇ ಎಲ್ಲಾ ತೆಗೆದುಬಿಡ್ರಿ" ಅಂತ ಒತ್ತಾಯ ಮಾಡಬೇಡಿ. ಒಂದು ಸಲಕ್ಕೆ ಸುಮಾರು ಒಂದೂವರೆ ಲೀಟರಿಗೆ ನಿಲ್ಲಿಸುವುದು ರೂಢಿ. ಅವಸರದಿಂದ ತೆಗೆದರೆ ಥಟ್ಟನೆ ಹಿಗ್ಗಿದ ಪುಪ್ಪುಸವೇ ಊದಿಕೊಳ್ಳಬಹುದು.

ಹಂತ 5: ಎಲ್ಲಿಗೆ ಹೋಗಬೇಕು?

ಶುರು ಇಲ್ಲಿಂದಲೇ ಮಾಡಿ. ಜನ ಇವತ್ತಿಗೂ ವಿಮ್ಸ್ ಅನ್ನುವ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್. ಎದೆರೋಗ ವಿಭಾಗ ಎಲ್ಲಿದೆ ಅಂತ ಕೇಳಿ ಅಲ್ಲಿಗೇ ಹೋಗಿ. ಕೊಪ್ಪಳದ ಕಿಮ್ಸ್ ಬೇರೆ, ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಅನ್ನುವ ಆಸ್ಪತ್ರೆ ಬೇರೆ. ಫೋನಿನಲ್ಲಿ ಹೇಳುವಾಗ ಊರಿನ ಹೆಸರು ಸೇರಿಸಿ, ಇಲ್ಲದಿದ್ದರೆ ಬಸ್ ತಪ್ಪುತ್ತದೆ.

ಥೊರಾಕೋಸ್ಕೋಪಿ ಇಲ್ಲಿ ಆಗದಿದ್ದರೆ ಬರವಣಿಗೆಯಲ್ಲಿ ರೆಫರಲ್ ಕೇಳಿ. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇದೆ, ಎದೆರೋಗಗಳಿಗೆಂದೇ ಸರ್ಕಾರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ. ಹುಬ್ಬಳ್ಳಿಯ ನವನಗರದಲ್ಲೂ ಕ್ಯಾನ್ಸರ್ ಆಸ್ಪತ್ರೆ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆ ನೇರವಾಗಿ ಖಾಸಗಿಗೆ ಹೋದರೆ ಅಲ್ಲಿ ಅಡ್ಡಿ ಬರುತ್ತದೆ. ಅನುಮಾನ ಇದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳಿ.

ಹೋಗುವಾಗ ಸಿಟಿ ಸ್ಕ್ಯಾನಿನ ಸಿಡಿ, ಫಿಲ್ಮ್ ಎರಡೂ ಇರಲಿ. ಬಯಾಪ್ಸಿ ಆಗಿದ್ದರೆ ರಿಪೋರ್ಟಿನ ಜೊತೆ ಸ್ಲೈಡ್ ಮತ್ತು ಬ್ಲಾಕ್ ಕೇಳಿ ಪಡೆಯಿರಿ. ಬ್ಲಾಕ್ ಅಂದರೆ ಆ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಸಣ್ಣ ಬಿಲ್ಲೆ. ಅದಿಲ್ಲದೆ ಹೋದರೆ ಮತ್ತೊಮ್ಮೆ ಚುಚ್ಚಿಸಿಕೊಳ್ಳಬೇಕಾಗಬಹುದು. ಕ್ಯಾನ್ಸರ್ ಅಂತ ಸರ್ಟಿಫಿಕೇಟ್ ಆದ ಮೇಲೆ ರೈಲಿನಲ್ಲಿ ರೋಗಿಗೂ ಜೊತೆಗಾರರಿಗೂ ರಿಯಾಯಿತಿ ಇದೆ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಕೆಳಗಿನ ಬರ್ತ್ ಹಿಡಿಯಿರಿ. ದಮ್ಮಿನವರಿಗೆ ಮೇಲೆ ಹತ್ತುವುದೇ ಶಿಕ್ಷೆ.

ಹಂತ 6: ರೋಗ ಖಚಿತವಾದ ಮೇಲೆ ಲಕ್ಷಣಗಳನ್ನು ನಿಭಾಯಿಸುವುದು

ಇದು ಸುಲಭದ ಕ್ಯಾನ್ಸರ್ ಅಲ್ಲ, ಪೂರ್ತಿ ವಾಸಿಯಾಗುವುದು ಅಪರೂಪ. ಸುಳ್ಳು ಭರವಸೆ ಕೊಡುವವರ ಕೈಗೆ ಹೊಲ ಮಾರಿದ ದುಡ್ಡು ಕೊಡಬೇಡಿ. ಆದರೆ ದಮ್ಮು, ನೋವು ಎರಡನ್ನೂ ಬಹಳಷ್ಟು ಇಳಿಸಬಹುದು. ಅದನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು.

ನೀರು ಪದೇಪದೇ ತುಂಬಿದರೆ ಪ್ರತಿ ಸಲ ಸೂಜಿ ಹಾಕಿಸಿಕೊಳ್ಳುವುದೊಂದೇ ದಾರಿಯಲ್ಲ. ಪ್ಲೂರೋಡೆಸಿಸ್ ಇದೆ: ಎರಡು ಪದರಗಳ ನಡುವೆ ಔಷಧದ ದರ್ಜೆಯ ಟಾಲ್ಕ್ ಪುಡಿ ಹಾಕಿ ಅಂಟಿಸಿಬಿಡುವುದು, ಆಮೇಲೆ ನೀರಿಗೆ ಜಾಗವೇ ಇರುವುದಿಲ್ಲ. ನೀರು ತೆಗೆದಾಗ ಪುಪ್ಪುಸ ಹಿಗ್ಗುವವರಿಗೆ ಇದು ಆಗುತ್ತದೆ. ಹಿಗ್ಗದವರಿಗೆ ಮನೆಯಲ್ಲೇ ನೀರು ಇಳಿಸಿಕೊಳ್ಳುವ ನಳಿಗೆ ಇದೆ. ಹಂತ 2ರ ಆ ನಾಲ್ಕು ಉತ್ತರ ಉಪಯೋಗಕ್ಕೆ ಬರುವುದು ಇಲ್ಲೇ.

ಕೀಮೋದಲ್ಲಿ ಪೆಮೆಟ್ರೆಕ್ಸೆಡ್ ಜೊತೆ ಸಿಸ್‌ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್ ಕೊಡುವುದು ರೂಢಿ. ಪೆಮೆಟ್ರೆಕ್ಸೆಡ್ ಇದ್ದರೆ ಫೋಲಿಕ್ ಆಸಿಡ್ ಗುಳಿಗೆ, ಬಿ12 ಇಂಜೆಕ್ಷನ್ ಬರೆದುಕೊಡುತ್ತಾರೆ. ಇವು ಶಕ್ತಿಯ ಟಾನಿಕ್ ಅಲ್ಲ, ಕೀಮೋದ ವಿಷ ಕಡಿಮೆ ಮಾಡುವಂಥವು. ಬಿಟ್ಟರೆ ಅಪಾಯ. ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ತಿರುಗಿಸುವ ಔಷಧ, ಕೂಡ ಇದೆ. ಬೆಲೆ ಮಾತ್ರ ಜಾಸ್ತಿ. ಸಾಲ ಮಾಡುವ ಮುಂಚೆ ಎಷ್ಟು ಪ್ರಯೋಜನ ಅಂತ ನೇರವಾಗಿ ಕೇಳಿ.

ಮಾರ್ಫಿನ್ ಹೆಸರು ಕೇಳಿದರೆ ಮನೆಯವರು ಹೆದರುತ್ತಾರೆ. "ಚಟ ಆಗ್ತದ" ಅನ್ನುತ್ತಾರೆ. ಡಾಕ್ಟರು ಹೇಳಿದ ಪ್ರಮಾಣದಲ್ಲಿ ಅದು ಕ್ಯಾನ್ಸರ್ ನೋವಿಗೆ ಸರಿಯಾದ ಮದ್ದು. ಸಣ್ಣ ಪ್ರಮಾಣದಲ್ಲಿ ದಮ್ಮಿನ ಕಳವಳವನ್ನೂ ತಗ್ಗಿಸುತ್ತದೆ. ಮಲಬದ್ಧತೆ ಮಾತ್ರ ಗ್ಯಾರಂಟಿ, ಮೊದಲ ದಿನವೇ ಅದಕ್ಕೂ ಔಷಧ ಕೇಳಿ. ನರದ ಉರಿಗೆ ಬೇರೆ ಗುಳಿಗೆ ಇದೆ, ಒಂದು ಜಾಗದ ನೋವಿಗೆ ರೇಡಿಯೇಷನ್ ಇದೆ. ನೋವು ಇಳಿಸುವುದನ್ನೇ ಕೆಲಸ ಮಾಡಿಕೊಂಡ ವಿಭಾಗಕ್ಕೆ ಪ್ಯಾಲಿಯೇಟಿವ್ ಕೇರ್ ಅನ್ನುತ್ತಾರೆ. ಅದು ಕೊನೆಗಾಲಕ್ಕೆ ಮಾತ್ರ ಅಲ್ಲ, ಮೊದಲ ವಾರದಿಂದಲೇ ಹೋಗಬಹುದು.

ಮನೆಯಲ್ಲಿ: ದಮ್ಮು ಹತ್ತಿದಾಗ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆ ಮೇಲೆ ಊರಿ ಕೂರಿ. ಜಾತ್ರೆಯಲ್ಲಿ ಸಿಗುವ ಸಣ್ಣ ಬ್ಯಾಟರಿ ಫ್ಯಾನನ್ನು ಮೂಗು ಮತ್ತು ಕೆನ್ನೆಯ ಮೇಲೆ ಗಾಳಿ ಬೀಳುವಂತೆ ಹಿಡಿಯಿರಿ. ತಮಾಷೆ ಅನ್ನಿಸಬಹುದು, ಆದರೆ ಇದರಿಂದ ದಮ್ಮಿನ ಕಳವಳ ಇಳಿಯುವುದನ್ನು ವೈದ್ಯರೇ ಪರೀಕ್ಷಿಸಿ ನೋಡಿದ್ದಾರೆ. ಕರೆಂಟ್ ಹೋದರೆ ಬೀಸಣಿಕೆಯೂ ಆದೀತು. ಒಮ್ಮೆಲೇ ಹೊಟ್ಟೆ ತುಂಬ ಉಣ್ಣಿಸಬೇಡಿ, ತುಂಬಿದ ಹೊಟ್ಟೆ ಉಸಿರನ್ನು ಮೇಲಕ್ಕೆ ಒತ್ತುತ್ತದೆ. ಸ್ವಲ್ಪ ಸ್ವಲ್ಪ, ಆಗಾಗ: ಗಂಜಿ, ಮೊಟ್ಟೆ, ಮೊಸರನ್ನ, ಶೇಂಗಾ ಉಂಡೆ. ಆಕ್ಸಿಜನ್ ಯಂತ್ರವನ್ನು ಡಾಕ್ಟರು ಹೇಳದೆ ಕೊಳ್ಳಬೇಡಿ. ಆಕ್ಸಿಜನ್ ಕಡಿಮೆಯಾಗದವರಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ.

ರೋಗಿಯಿಂದ ರೋಗದ ಹೆಸರು ಮುಚ್ಚಿಡುವುದು ನಮ್ಮಲ್ಲಿ ಪ್ರೀತಿಯ ಲೆಕ್ಕ. ನನಗೆ ಅದು ಸರಿ ಅನ್ನಿಸುವುದಿಲ್ಲ. ಹೆಸರು ಗೊತ್ತಿಲ್ಲದವರು ಹೊಸ ನೋವನ್ನು ಹೇಳುವುದೇ ಇಲ್ಲ, ನುಂಗಿಕೊಳ್ಳುತ್ತಾರೆ.

ಹಂತ 7: ಕಾಗದಪತ್ರ

ಕೆಲಸದಿಂದ ಬಂದ ರೋಗಕ್ಕೆ ಪರಿಹಾರ ಕೇಳುವ ಹಕ್ಕು ಕಾನೂನಿನಲ್ಲಿದೆ. ಕಲ್ನಾರು ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಎರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಹಳೆ ಇಎಸ್‌ಐ ಕಾರ್ಡ್, ಪಿಎಫ್ ಚೀಟಿ, ಗೇಟ್ ಪಾಸ್, ಹಾಜರಿ ಪುಸ್ತಕದ ಫೋಟೋ, ಜೊತೆಗೆ ದುಡಿದವರ ಫೋನ್ ನಂಬರ್, ಸಿಕ್ಕಿದ್ದೆಲ್ಲ ಆ ಕೈಚೀಲಕ್ಕೇ ಹಾಕಿ. ಡಿಸ್ಚಾರ್ಜ್ ಚೀಟಿಯಲ್ಲಿ "ಒಕ್ಕಲುತನ" ಅಂತಷ್ಟೇ ಇದ್ದರೆ ಅಲ್ಲೇ ನಿಂತು, ಇಂತಿಷ್ಟು ವರ್ಷ ಶೀಟ್ ಅಥವಾ ಬಾಯ್ಲರ್ ಕೆಲಸ ಮಾಡಿದ್ದಾರೆ ಅಂತ ಸೇರಿಸಲು ಕೇಳಿಕೊಳ್ಳಿ. ಮನೆಗೆ ಬಂದ ಮೇಲೆ ಅದನ್ನು ತಿದ್ದಿಸುವುದು ಕಷ್ಟ.